ಬಸವಂತಪ್ಪ ಡಾಕ್ಟರ ಕುದುರೆಗಾಲು

ತೊಲೆಗೆ ಹಗ್ಗ ಬಿಗಿದು, ಅದಕ್ಕೆ ಸತ್ತ ಕುದುರೆಯ ಕಾಲಿನ ಕೀಲು ಕಟ್ಟಿ, ಗಡಿಯಾರ ಹಿಡಿದು ಅದರ ಎದುರು ಕೂತ ಮನುಷ್ಯನನ್ನು ನೀವು ಕಂಡಿರಲಿಕ್ಕಿಲ್ಲ. ನಾನು ಕಂಡು ಕಂಡು ಬೇಸತ್ತಿದ್ದೆ. ನಿಜಾಮರ ಕಾಲದಲ್ಲಿ ಗಂಗಾವತಿಯ ದನದ ದವಾಖಾನೆಗೆ ಬಸವಂತಪ್ಪನವರು ಡಾಕ್ಟರು, ನಾನು ಕಂಪೌಂಡರು.

ಟಾಂಗಾ ಕುದುರೆಗಳು ವಯಸ್ಸಿಗೆ ಮೊದಲೇ ಕುಂಟುವುದೇಕೆ ಎಂಬುದು ಅವರ ತಲೆ ಹೊಕ್ಕ ಹುಳ. ಕೀಲಿನೊಳಗಿನ ರಸ ಕೆಟ್ಟರೆ ಎಲುಬಿಗೆ ಎಲುಬು ಉಜ್ಜುತ್ತದೆ ಎನ್ನುತ್ತಿದ್ದರು. ಕೆಳಗಿನ ಎಲುಬಿಗೆ ಕಲ್ಲು ಕಟ್ಟಿ ತೂಗಿಬಿಡುವುದು. ತೂಗಾಟ ಬೇಗ ನಿಂತರೆ ಉಜ್ಜಾಟ ಹೆಚ್ಚು, ತಡವಾಗಿ ನಿಂತರೆ ರಸ ಚೆನ್ನಾಗಿದೆ ಎಂದರ್ಥ. ನಮಗೆ ಸಿಗುತ್ತಿದ್ದದ್ದೆಲ್ಲ ದಿಕ್ಕಿಲ್ಲದೆ ಬಯಲಲ್ಲಿ ಸತ್ತುಬಿದ್ದ ಕುದುರೆಗಳ, ರಸ ಒಣಗಿದ ಕಾಲುಗಳು. ಎರಡು ಸಲ ತೂಗಿ ನಿಂತುಬಿಡುತ್ತಿದ್ದವು.

"ವೀರಣ್ಣ, ಒಂದs ಒಂದು ಹಸೀ ಕೀಲು ಸಿಗಲಿ. ಆಮ್ಯಾಲೆ ನೋಡು."

ಸಿಗಬೇಕಲ್ಲ! ನಮ್ಮ ಕಡೆ ಟಾಂಗಾದವರು ಸತ್ತ ಕುದುರೆಯನ್ನು ಉಪ್ಪು ಸುರಿದು, ಕೈಯಾರೆ ಹೂಳುತ್ತಾರೆ. ಹೇಮಗುಡ್ಡದಿಂದ ಸುದ್ದಿ ಬಂತೆಂದು ಓಡಿದರೆ ಆಗಲೇ ಮಣ್ಣು ಮುಚ್ಚಿರುತ್ತಿತ್ತು. "ಅನ್ನ ಹಾಕಿದ ಕಾಲ್ರೀ, ಹೆಂಗ ಕೊಯ್ಯಲಿ?" ಎಂದು ಮಾಲೀಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಡಾಕ್ಟರು ದಾರಿಯುದ್ದಕ್ಕೂ ಗೊಣಗುತ್ತಿದ್ದರು: "ಇವರ ಅಂತಃಕರಣದಾಗ ನನ್ನ ಕೆಲಸ ಹಾಳಾತು."

ಕಡೆಗೆ ಟಾಂಗಾ ಹೊಡೆಯುವ ಮೌಲಾಸಾಬ್ ಒಪ್ಪಿದ. ಅವನ ಕುದುರೆಯನ್ನು ಡಾಕ್ಟರು ಹಿಂದೆ ಸಾವಿನ ಬಾಯಿಂದ ಉಳಿಸಿಕೊಟ್ಟಿದ್ದರು. ಅದು ಸತ್ತ ದಿನ ತಾನೇ ಕಾಲು ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಗುವಿನ ಹಾಗೆ ಎದೆಗವಚಿಕೊಂಡು ತಂದ. ಕಟ್ಟಿದೆವು, ತೂಗಿಬಿಟ್ಟೆವು. ಕಾಲು ತೂಗಿತು, ತೂಗುತ್ತಲೇ ಇತ್ತು. ಡಾಕ್ಟರು ನಕ್ಕಿದ್ದನ್ನು ನಾನು ಕಂಡದ್ದು ಅಂದೇ. ನಗುತ್ತಲೇ ಬಗ್ಗಿ ಕೀಲನ್ನು ಮೂಸಿದರು. ನಗು ಆರಿಹೋಯಿತು.

"ಏನ್ ಹಾಕೀಯೋ ಇದಕ್ಕ?"

"ಒಳಗೆಲ್ಲಾ ಛಲೋತ್ನಾಗಿ ತೊಳದು ಔಡಲೆಣ್ಣಿ ಬಿಟ್ಟೀನ್ರಿ ಸಾಹೇಬ್ರ. ನಿಮ್ಮ ಪರೀಕ್ಷಾದಾಗ ನನ್ನ ಕುದ್ರಿ ಸೋಲಬಾರ್ದಲ್ರೀ!"

ರಸವೆಲ್ಲ ತೊಳೆದುಹೋಗಿ ನಾವು ಅಳೆದದ್ದು ಬರೀ ಹರಳೆಣ್ಣೆಯನ್ನು. ಡಾಕ್ಟರು ಅವನಿಗೆ ಬಾಯಿಗೆ ಬಂದಂತೆ ಬೈದರು. ಮೌಲಾಸಾಬ್ ಕಾಲನ್ನು ಬಿಚ್ಚಿಕೊಂಡು, ಹೂಳಲು ಒಯ್ದ.

ಪೆನ್ಷನ್ ಆದ ಮೇಲೆ ಡಾಕ್ಟರು ತಮ್ಮೂರು ಇರಕಲ್ಲಗಡಕ್ಕೆ ಹೋದರು, ಜೊತೆಗೆ ಅವರ ಸವಾರಿಯ ಮುದಿ ಕುದುರೆ ಚಾಂದನಿ. ನಾನು ಕೊನೆಯ ಸಲ ಅವರನ್ನು ಕಂಡದ್ದು ಆ ಕುದುರೆ ಸತ್ತ ದಿನ. ಸುದ್ದಿ ಕೇಳಿ, ಈಗಲಾದರೂ ಈ ಮನುಷ್ಯನ ಹಟ ತೀರಲಿ ಎಂದು ಓಡಿದೆ. ಪಡಸಾಲೆಯ ತೊಲೆಗೆ ಹಗ್ಗ, ಅದರ ಕೆಳಗೆ ಕಲ್ಲು, ಎಲ್ಲ ಸಜ್ಜಾಗಿತ್ತು. ಡಾಕ್ಟರು ಹಿತ್ತಲಿಂದ ಸಲಿಕೆ ಹಿಡಿದು ಬಂದರು. ಕೈತುಂಬ ಮಣ್ಣು, ಉಪ್ಪು.

"ಕೀಲು ಅಳದ್ರ್ಯಾ?" ಎಂದೆ.

"ಹೂಳಿ ಬಂದೆ."

ನನಗೆ ಮೈಯೆಲ್ಲ ಉರಿಯಿತು. "ಅಷ್ಟು ವರ್ಷ ನನ್ನನ್ನ ಊರೂರು ತಿರುಗಿಸಿ, ಈಗ ಕೈಯಾಗ ಬಂದದ್ದನ್ನ ಮಣ್ಣಿಗೆ ಹಾಕಿದ್ರಲ್ರೀ!"

ಅವರು ಕಟ್ಟೆಯ ಮೇಲೆ ಕುಸಿದರು. "ಮೌಲಾಸಾಬಗ ಭಾಳ ಬೈದ್ನಲ್ಲೋ ವೀರಣ್ಣ. ಅವ ಎಣ್ಣಿ ಹಾಕ್ಯಾದ್ರೂ ಕಾಲು ಕೊಯ್ದು ಕೊಟ್ಟ. ನನಗ ಅಷ್ಟೂ ಆಗಲಿಲ್ಲ."

ನಾನು ತಂಬಿಗೆ ತಂದು ಅವರ ಕೈಗೆ ನೀರು ಹಾಕಿದೆ.