ಹಳೆಯ ಫೋನಿನ ತಪ್ಪು

ನಮ್ಮ ಮನೆಯಲ್ಲಿ ಬಣ್ಣದ ಮಾತು ಬಂದರೆ ನಾನು ಬಾಯಿ ತೆಗೆಯುವ ಹಾಗಿರಲಿಲ್ಲ. ಮಗ್ಗ ನನ್ನದು, ಬಣ್ಣ ಹೆಂಡತಿಯದು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಸೀರೆ ನೇಯುವ ಮನೆಗಳಲ್ಲೆಲ್ಲ ಹೆಂಗಸರು ರಾಟಿಯ ಮುಂದೆ ಕುಳಿತು ಲಾಳಿಯೊಳಗೆ ಕೂಡುವ ನೂಲಿನ ಸುರುಳಿ, ಅಂದರೆ ಕಂಡಿಕೆ, ಸುತ್ತುತ್ತಾರೆ, ಯಾವ ನೂಲು ಸುತ್ತಬೇಕೆಂದು ಗಂಡಸರು ಹೇಳುತ್ತಾರೆ. ನಮ್ಮಲ್ಲಿ ಅದು ತಿರುವುಮುರುವು. ನನಗೆ ಹಸಿರು ಅಂದರೆ ಹಸಿರು, ಅಷ್ಟೆ. ಅವಳಿಗೆ ಅದರಲ್ಲೇ ಗಿಳಿ ಹಸಿರು ಬೇರೆ, ಕಡಲೆಗಿಡದ ಹಸಿರು ಬೇರೆ, ಎಳೆ ಜೋಳದ ಗರಿಯ ಹಸಿರು ಬೇರೆ. ಮುಂಜಾನೆ ಬಿಸಿಲು ಬಲಿಯುವ ಮೊದಲು ನೂಲಿನ ಲಡಿಗಳನ್ನು ಹೊಸ್ತಿಲ ಮೇಲೆ ಹರವಿಕೊಂಡು ಕೂಡುತ್ತಿದ್ದಳು. ದೀಪದ ಬೆಳಕಿನಲ್ಲಿ ಬಣ್ಣ ಆರಿಸುವವರು ಅರ್ಧ ಕುರುಡರು ಎಂದು ಬೈಯುತ್ತಿದ್ದಳು. ಕೊನೆಗೆ ಒಂದು ಲಡಿ ಎತ್ತಿಕೊಂಡು ರಾಟಿಯ ಕಡೆ ನಡೆದಳೆಂದರೆ ಮುಗಿಯಿತು, ಅದೇ ಆ ಸೀರೆಯ ಬಣ್ಣ. ಇಪ್ಪತ್ತೈದು ವರ್ಷ ಹೀಗೆ ನಡೆದು, ಒಮ್ಮೆಯೂ ತಪ್ಪದ್ದರಿಂದ, ಮರುಮಾತಾಡುವ ರೂಢಿಯೇ ನನಗೆ ಹೋಗಿತ್ತು.

ಸ್ಮಾರ್ಟ್ ಫೋನು ಮನೆಗೆ ಬಂದದ್ದು ಮಗಳ ಕಾಲೇಜಿನ ನೆವದಿಂದ. ನರಗುಂದಕ್ಕೆ ಮದುವೆಯಾಗಿ ಹೋಗುವಾಗ ಅವಳು ಅದನ್ನು ತಾಯಿಗೆ ಬಿಟ್ಟುಹೋದಳು. ನನ್ನ ಕಿಸೆಯಲ್ಲಿ ಇರುವುದು ಗುಂಡಿ ಒತ್ತುವ ಫೋನು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವನಿಗೆ ಅದೇ ಹೆಚ್ಚು. ಆದರೆ ನೇಕಾರಿಕೆಯ ರೀತಿ ಬದಲಾಗಿತ್ತು. ಮೊದಲು ಗಿರಾಕಿಗಳು ರವಿಕೆಯ ತುಂಡನ್ನೋ ಹಳೆ ಸೀರೆಯ ಸೆರಗನ್ನೋ ಕೈಯಲ್ಲಿ ಹಿಡಿದು ಬಂದು ಇಂಥದ್ದು ಬೇಕು ಎನ್ನುತ್ತಿದ್ದರು. ಈಗ ಫೋಟೋ ಕಳಿಸುತ್ತಾರೆ. ರೋಣದಲ್ಲಿ ಸೀರೆ ಅಂಗಡಿ ಇಟ್ಟಿರುವ ಸಾಹೇಬರು, ಅವರ ತಂದೆಯ ಕಾಲದಿಂದ ನಮ್ಮ ಸೀರೆ ಒಯ್ಯುವವರು, ಅವರೂ ಫೋಟೋ ಕಳಿಸಲು ಶುರು ಮಾಡಿದರು. ಹೆಂಡತಿ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಲಡಿ ಹಿಡಿದು ಹೊಸ್ತಿಲಲ್ಲಿ ಕೂಡತೊಡಗಿದಳು.

ಎರಡು ವರ್ಷದ ಹಿಂದೆ ಮೊದಲ ಸೀರೆ ತಿರುಗಿ ಬಂತು. ಸಾಹೇಬರು ಬದನೆಕಾಯಿ ಬಣ್ಣ ಕೇಳಿದ್ದರು, ನಾವು ಕಳಿಸಿದ್ದು ಕರಿಯ ಕಡೆಗೆ ವಾಲಿತ್ತು. ಅವರು ಸೌಮ್ಯ ಮನುಷ್ಯ, ಫೋಟೋದಲ್ಲಿ ಹಾಗೆ ಕಂಡಿರಬೇಕು ಬಿಡಿ ಅಂದರು. ಹೆಂಡತಿಯೂ ಹೌದು, ಈ ಫೋನು ಕತ್ತಲೆ ತೋರಿಸುತ್ತದೆ ಅಂದಳು. ನಾನು ಹಲ್ಲು ಕಿಸಿದು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಚೇಷ್ಟೆ ಮಾಡಿದೆ. ಅಂಥ ಮಾತಿಗೆ ಅವಳು ಸುಮ್ಮನಿರುವವಳಲ್ಲ, ಒಂದಕ್ಕೆ ಎರಡು ತಿರುಗಿಸುವವಳು. ಅವತ್ತು ಏನೂ ಅನ್ನದೆ ಒಳಗೆ ಹೋದಳು. ನನಗೆ ಆಗ ಅದು ವಿಶೇಷ ಅನ್ನಿಸಲಿಲ್ಲ.

ಫೋನು ಹಳತಾಗಿದ್ದಂತೂ ಖರೆ. ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿತ್ತು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ನಿಂತು, ಅದಕ್ಕೊಂದು ರಬ್ಬರ್ ಬ್ಯಾಂಡ್ ಬಿಗಿದಿದ್ದಳು. ಮುಂಜಾನೆ ತುಂಬಿಸಿದ ಚಾರ್ಜು ಮಧ್ಯಾಹ್ನದ ಊಟಕ್ಕೆ ಸೋರಿಹೋಗುತ್ತಿತ್ತು. ಜಾಗ ಇಲ್ಲ, ಜಾಗ ಇಲ್ಲ ಎಂದು ದಿನಕ್ಕೆರಡು ಸಲ ಗೋಗರೆಯುತ್ತಿತ್ತು. ಲಾಳಿ ಸವೆದರೆ ನೂಲು ಹರಿದು ತಾನೇ ಹೇಳುತ್ತದೆ, ನನ್ನನ್ನು ಬದಲಿಸು ಅಂತ. ಈ ಫೋನು ಯಾವಾಗ ಬದಲಿಸಬೇಕೋ ದೇವರಿಗೇ ಗೊತ್ತು. ಅರ್ಧ ಸತ್ತರೂ ಇನ್ನರ್ಧದಲ್ಲಿ ಬದುಕಿರುತ್ತದೆ. ನಾನು ಹೊಸದು ತರೋಣ ಅಂದಾಗಲೆಲ್ಲ ಅವಳೇ ಬೇಡ ಅನ್ನುತ್ತಿದ್ದಳು. ಇದರಲ್ಲೇ ನಡೆಯುತ್ತದೆ, ದೀಪಾವಳಿಗೆ ನೋಡೋಣ. ದೀಪಾವಳಿ ಬಂದರೆ, ಯುಗಾದಿಗೆ ನೋಡೋಣ. ಹೊಸ ಫೋನು ಕೈಗೆ ಹಿಡಿಸುವುದಿಲ್ಲ. ಮಗಳು ಕೊಟ್ಟದ್ದು, ಇರಲಿ. ಹೀಗೆ ಒಂದಾದ ಮೇಲೊಂದು ನೆವ. ನಾನು ಮೇಲೆ ಗೊಣಗಿದರೂ ಒಳಗೆ ಹಿಗ್ಗುತ್ತಿದ್ದೆ. ಊರ ಹೆಂಗಸರೆಲ್ಲ ವರ್ಷಕ್ಕೊಂದು ಫೋನು ಕೇಳುವಾಗ ನನ್ನ ಹೆಂಡತಿ ಇದ್ದದ್ದರಲ್ಲೇ ನಡೆಸುತ್ತಾಳೆಂದು ಓಣಿಯಲ್ಲಿ ಕೊಚ್ಚಿಕೊಂಡದ್ದೂ ಉಂಟು. ಆ ಮಾತು ನೆನಪಾದರೆ ಈಗ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಆ ದಿನಗಳಲ್ಲೇ ಅವಳು ಲಡಿ ನೋಡುವುದಕ್ಕೆ ಹೊಸ್ತಿಲು ಬಿಟ್ಟು ನಡುರಸ್ತೆಗೆ ಹೋಗತೊಡಗಿದ್ದಳು. ಇನ್ನಷ್ಟು ಕಾಳಜಿಯಿಂದ ನೋಡುತ್ತಾಳೆ ಅಂದುಕೊಂಡೆ. ಪಕ್ಕದಲ್ಲಿಟ್ಟ ಕೊಡಕ್ಕೆ ಕಾಲು ಬಡಿದು ನೀರು ಚೆಲ್ಲಿದರೆ, ಗಡಿಬಿಡಿ ಮಾಡಬೇಡ ಎಂದು ಗದರಿದೆ. ಒಂದೇ ಮನೆಯಲ್ಲಿ ಇದ್ದು, ಒಂದೇ ತಾಟಿನ ಅಂಚಿಗೆ ಕೈ ಚಾಚಿ ಉಂಡು, ನಾನು ಕಂಡದ್ದು ಇಷ್ಟು. ಸೀರೆ ಇನ್ನೂ ಎರಡು ತಿರುಗಿ ಬಂದವು. ಎರಡು ಸಲವೂ ನಾವಿಬ್ಬರೂ ಸೇರಿ ಫೋನನ್ನು ಬೈದೆವು.

ಅಷ್ಟರಲ್ಲಿ ಮಗಳಿಗೆ ಏಳು ತಿಂಗಳು ತುಂಬಿ ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಚೊಚ್ಚಲ ಬಸುರಿಗೆ ತವರಿನಿಂದ ಹಸಿರು ಸೀರೆ, ಹಸಿರು ಬಳೆ ಹೋಗಬೇಕು. ನೇಕಾರರ ಮನೆಯ ಮಗಳಿಗೆ ಅಂಗಡಿಯ ಸೀರೆ ಉಡಿಸಿದರೆ ಮುಖ ಎತ್ತಿ ತಿರುಗುವ ಹಾಗಿಲ್ಲ. ಮಗಳು ತಾನು ಮೆಚ್ಚಿದ ಹಸಿರಿನ ಫೋಟೋ ಕಳಿಸಿದಳು. ಹೆಂಡತಿ ಮೂರು ಮುಂಜಾನೆ ರಸ್ತೆಯಲ್ಲಿ ನಿಂತು ನೋಡಿ ಲಡಿ ಆರಿಸಿದಳು. ನಾನು ನೇಯಲು ಕುಳಿತೆ. ಮಗ್ಗದ ಕೋಣೆಯಲ್ಲಿ ಬೆಳಕು ಕಡಿಮೆ, ಆದರೂ ಮೊಳ ನೇಯುವಷ್ಟರಲ್ಲಿ ಇದು ನೀಲಿಗೆ ಹೊರಳಿದ ಹಾಗೆ ಕಂಡಿತು. ಕೇಳಿದೆ. ಫೋಟೋದಲ್ಲಿ ಇರುವುದು ಹೀಗೇ ಅಂದಳು, ದನಿ ಬಿರುಸಾಗಿತ್ತು. ಫೋನು ತಾ, ನಾನೂ ನೋಡುತ್ತೇನೆ ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಬಣ್ಣ ಅವಳದು, ಮಗ್ಗ ನನ್ನದು. ತಲೆ ತಗ್ಗಿಸಿ ಲಾಳಿ ಎಸೆದೆ.

ಮಗ್ಗದಿಂದ ಇಳಿಸಿದ ಸೀರೆಯನ್ನು ಬೆಳಕಿಗೆ ಬಿಚ್ಚದೆ ಹಾಗೇ ಮಡಿಚಿ ಒಯ್ದೆವು. ನರಗುಂದದಲ್ಲಿ ಬೀಗರ ಅಂಗಳದ ಬಿಸಿಲಿನಲ್ಲಿ ಮಗಳು ಆ ಸೀರೆ ಉಟ್ಟು ಬಂದು ಮಣೆಯ ಮೇಲೆ ಕುಳಿತಳು. ಕೈತುಂಬ ಹಸಿರು ಬಳೆ, ಮೈಮೇಲೆ ಅಪ್ಪಟ ನೀಲಿ ಸೀರೆ. ಆರತಿ ಹಿಡಿದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೀಗಿತಿ ದೊಡ್ಡ ಮನಸ್ಸಿನವರು, ತಮ್ಮದೊಂದು ಹಸಿರು ಸೀರೆ ತಂದು ಮಗಳ ಭುಜದ ಮೇಲೆ ಹೊದಿಸಿ ಶಾಸ್ತ್ರ ಮುಗಿಸಿದರು. ಮಗಳು ನಕ್ಕಳು, ಆದರೆ ಕಣ್ಣು ತುಂಬಿತ್ತು. ಹೆಂಡತಿ ಸುತ್ತ ಇದ್ದವರಿಗೆಲ್ಲ ಹಾಳು ಫೋನಿನ ಕಥೆ ಹೇಳುತ್ತಲೇ ಇದ್ದಳು, ಕೇಳದಿದ್ದವರಿಗೂ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟೆಲ್ಲ ಫೋನಿನ ಮೇಲೆ.

ಮರುದಿನವೇ, ಅವಳಿಗೆ ಹೇಳದೆ, ಹಳೆಯ ಫೋನನ್ನು ಕಿಸೆಗೆ ಹಾಕಿಕೊಂಡು ರೋಣಕ್ಕೆ ಹೋಗಿ ಹೊಸದೊಂದು ಕೊಂಡೆ. ಅಂಗಡಿಯವನು ಹಳೆಯದರಲ್ಲಿದ್ದ ಫೋಟೋಗಳನ್ನೆಲ್ಲ ಹೊಸದಕ್ಕೆ ದಾಟಿಸಿದ. ಹಳೆಯದು ಎಂಥ ಸುಳ್ಳುಗಾರ ಎಂದು ಅವನಿಗೂ ತೋರಿಸಬೇಕೆನ್ನಿಸಿ, ಮಗಳು ಕಳಿಸಿದ ಸೀರೆಯ ಫೋಟೋವನ್ನು ಎರಡರಲ್ಲೂ ತೆರೆದು ತೋರಿಸು ಅಂದೆ. ಎರಡನ್ನೂ ಜೋಡಿಸಿ ಮೇಜಿನ ಮೇಲಿಟ್ಟ. ಎರಡರಲ್ಲೂ ಒಂದೇ ಹಸಿರು. ಹೊಸದರಲ್ಲಿ ಕೊಂಚ ಹೊಳಪು ಹೆಚ್ಚು, ಅಷ್ಟೆ. ನನ್ನಂಥ ಬಣ್ಣಗೇಡಿಗೂ ಅದು ಹಸಿರು ಎಂದು ಕಾಣುತ್ತಿತ್ತು. ಅಂಗಡಿಯವನು, ಹಳೆಯದರ ಪರದೆಗೆ ಏನೂ ಆಗಿಲ್ಲ, ಬ್ಯಾಟರಿ ಒಂದೇ ಹೋಗಿರುವುದು ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಎರಡು ವರ್ಷ ನಾವು ಮಾಡಿದ್ದು ಅದನ್ನೇ.

ಹೊಸ ಫೋನು ನೋಡಿ ಅವಳಿಗೆ ಸಂತೋಷವಾಗಲಿಲ್ಲ. ಮರುದಿನ ಮುಂಜಾನೆ ನಾನೇ ಲಡಿಗಳನ್ನು ಹೊಸ್ತಿಲ ಮೇಲೆ ಹರವಿ, ಹೊಸ ಫೋನಿನಲ್ಲಿ ಅದೇ ಫೋಟೋ ತೆರೆದು ಅವಳ ಕೈಗೆ ಕೊಟ್ಟೆ. ಇದರ ಜೋಡಿ ಯಾವುದು ತೆಗೆ ಅಂದೆ. ಪರೀಕ್ಷೆ ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಾಗಿರಬೇಕು. ಬಹಳ ಹೊತ್ತು ನೋಡಿದಳು. ಫೋನನ್ನು ಮುಖದ ಹತ್ತಿರ ತಂದಳು, ದೂರ ಹಿಡಿದಳು. ಲಡಿಗಳ ಮೇಲೆ ಬೆರಳಾಡಿಸಿ ಒಂದನ್ನು ಎತ್ತಿದಳು. ನೀಲಿ. ಪಕ್ಕದಲ್ಲೇ ಗಿಳಿ ಹಸಿರು ಬಿದ್ದಿತ್ತು.

ನನ್ನ ಮುಖ ನೋಡಿ, ಲಡಿಯನ್ನು ಇದ್ದಲ್ಲೇ ಇಟ್ಟು, ಸೆರಗು ಸರಿಮಾಡಿಕೊಂಡು ಅವಳೇ ಅಂದಳು.

“ಗದಗಿಗೆ ಹೋಗೂಣ್ರಿ. ಕಣ್ಣಿನ ದವಾಖಾನಿಗೆ.”

ಗದಗಿನಲ್ಲಿ ಡಾಕ್ಟರರು ಅರ್ಧ ದಿನ ಏನೇನೋ ಯಂತ್ರಗಳಿಗೆ ಅವಳ ಗದ್ದ ಇಡಿಸಿ ನೋಡಿದರು. ಕಣ್ಣೊಳಗಿನ ಒತ್ತಡ ಏರಿ ನರ ಒಣಗುತ್ತ ಬಂದಿದೆ ಅಂದರು. ಪಕ್ಕದ ನೋಟ ಆಗಲೇ ಬಹಳ ಹೋಗಿದೆ, ಬಣ್ಣದ ನೋಟವೂ ಹೋಗಿದೆ. ದಿನಾ ಹನಿ ಹಾಕಿಕೊಂಡರೆ ಇದ್ದದ್ದನ್ನು ಉಳಿಸಿಕೊಳ್ಳಬಹುದು, ಹೋದದ್ದು ತಿರುಗಿ ಬರುವುದಿಲ್ಲ. ಎರಡು ವರ್ಷ ಮೊದಲೇ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದೂ ಹೇಳಿದರು. ಅದನ್ನು ಅವರು ಮೆತ್ತಗೆ ಹೇಳಿದರು, ಬೈದಿದ್ದರೆ ಚೆನ್ನಾಗಿತ್ತು.

ತಿರುಗಿ ಬರುವಾಗ ರೋಣದಲ್ಲಿ ಬಸ್ಸು ಬದಲಿಸಿ ಕುಳಿತೆವು. ಹೊರಗೆ ಕಡಲೆಯ ಹೊಲಗಳು. ಅವಳು ಕಿಟಕಿಯ ಕಡೆ ಕುಳಿತಿದ್ದಳು, ಅವಳಿಗೆ ಅವು ಯಾವ ಬಣ್ಣದಲ್ಲಿ ಕಾಣುತ್ತಿವೆಯೋ ಎಂದು ನಾನು ಯೋಚಿಸುತ್ತಿದ್ದೆ. ಕೇಳುವ ಧೈರ್ಯ ಆಗಲಿಲ್ಲ. ರಾಜೂರು ದಾಟಿದ ಮೇಲೆ, ನಿನಗೆ ಇದು ಯಾವಾಗಿನಿಂದ ಗೊತ್ತಿತ್ತು ಎಂದಷ್ಟೇ ಕೇಳಿದೆ. ಆ ಬದನೆಕಾಯಿ ಬಣ್ಣದ ಸೀರೆ ತಿರುಗಿ ಬಂದಾಗಿನಿಂದ ಸಂಶಯ ಇತ್ತು ಅಂದಳು. ಹಾಗಾದರೆ ನಾನು ಹೊಸ ಫೋನು ತರುತ್ತೇನೆ ಅಂದಾಗಲೆಲ್ಲ ಯಾಕೆ ಬೇಡ ಅಂದೆ ಎಂದೆ. ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು.

“ಹಳೇ ಫೋನ್ ಇರೂತನಕ ತಪ್ಪ ಅದರದಿತ್ರಿ. ಹೊಸಾದ ಬಂದಿತ್ತಂದ್ರ ತಪ್ಪ ನನ್ನ ಮ್ಯಾಲ ಬರತಿತ್ತು.”

ನನಗಾದರೂ ಹೇಳಬಾರದಿತ್ತೇನು ಅಂದೆ. ನನ್ನ ದನಿ ಎದ್ದಿರಬೇಕು, ಮುಂದಿನ ಸೀಟಿನವರು ತಿರುಗಿ ನೋಡಿದರು.

“ಹೇಳಿದ್ರ ನೀವು ನನಗ ಬಣ್ಣಾ ಕೇಳೂದ ಬಿಡ್ತಿದ್ರಿ,” ಅಂದಳು. “ಕಂಡಿಕಿ ಸುತ್ತೂ ಕೈ ಎಲ್ಲಾರಿಗೂ ಇರತಾವರಿ. ನನಗಿದ್ದದ್ದು ಬಣ್ಣಾ ಒಂದ.”

ಬಿಡುವುದಿಲ್ಲ, ಕೇಳುತ್ತೇನೆ, ನಿನ್ನನ್ನೇ ಕೇಳುತ್ತೇನೆ ಎಂದು ಮೂರು ಸಲ ಹೇಳಿದೆ. ಹೇಳುವಾಗ ನನ್ನ ಮನಸ್ಸಿನಲ್ಲಿ ಸುಳ್ಳು ಇರಲಿಲ್ಲ. ಅವಳು ಬಣ್ಣದ ಹೆಸರು ಹೇಳಬೇಕು, ನಾನು ಲಡಿ ಹುಡುಕಬೇಕು, ನೂಲು ಅವಳ ಕೈಗೆ ಕೊಟ್ಟು ಹೇಗಿದೆ ಎಂದು ವಿವರಿಸಬೇಕು ಎಂದೆಲ್ಲ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಇಳಿಯುವಾಗ ಅವಳ ಕೈ ಹಿಡಿದುಕೊಂಡೆ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ, ನಾಲ್ಕು ಜನರ ಎದುರು, ಅದೇ ಮೊದಲ ಸಲ.

ಎಂಟು ದಿನದ ಮೇಲೆ ಸಾಹೇಬರಿಂದ ಒಂದು ಫೋಟೋ ಬಂತು, ಸೀರೆ ಲಗೂನ, ತಡವಿಲ್ಲದೆ ಬೇಕಿತ್ತು. ಅವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಫೋನು ಹಿಡಿದು ಹೊಸ್ತಿಲಿಗೆ ಬಂದು, ಲಡಿಗಳನ್ನು ಒಂದೊಂದಾಗಿ ಪರದೆಯ ಪಕ್ಕ ಹಿಡಿದು ನೋಡಿದೆ. ನಾಲ್ಕನೆಯದು ಸರಿಯಾಗಿ ಕೂಡಿತು. ನನಗೂ ಬಣ್ಣ ತಿಳಿಯುತ್ತದಲ್ಲ ಎಂದು ಸ್ವಲ್ಪ ಜಂಬವೂ ಆಯಿತು. ನಾನೇ ರಾಟಿ ತಿರುಗಿಸಿ ಮೂರು ಕಂಡಿಕೆ ಸುತ್ತಿಕೊಂಡು ಮಗ್ಗಕ್ಕೆ ಇಳಿದೆ. ಗೇಣು ನೇಯ್ದಿರಬೇಕು, ತಲೆ ಎತ್ತಿದರೆ ಅವಳು ಒದ್ದೆ ಕೈಯಲ್ಲೇ ನಡುಬಾಗಿಲಿಗೆ ಆತು ನಿಂತಿದ್ದಳು. ರಾಟಿಯ ಸಪ್ಪಳ ಕೇಳಿ ಬಂದವಳು, ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮಗ್ಗದ ಮೇಲಿನ ಬಟ್ಟೆಯ ಕಡೆ ನೋಡುತ್ತಿದ್ದಳು.

“ಯಾವ ಬಣ್ಣರೀ ಇದು?” ಎಂದು ಕೇಳಿದಳು.

ಆಗ ಗೊತ್ತಾಯಿತು, ನಾನು ಅವಳನ್ನು ಕೇಳಿರಲಿಲ್ಲ.