ಯಡೂರಿನ ಹೊಳೆಗೆ ಬಿಟ್ಟ ಅರ್ಥವಿವರಣೆ

೧೯೯೬ನೆಯ ಇಸವಿಯ ಜನವರಿ ೧೪, ರವಿವಾರ. ರಂಜಾನ್ ತಿಂಗಳಿಗೆ ಮುಂಚಿನ ವಾರ. ಆ ದಿನ ನಿಪ್ಪಾಣಿಯ ಒಂದು ಮಸೀದಿಯ ಪಂಚರು ಯಡೂರಿನ ಬಳಿ ಕೃಷ್ಣಾ ನದಿಯಲ್ಲಿ ಬಿಳಿ ಬಟ್ಟೆಯ ಗಂಟೊಂದನ್ನು ಮುಳುಗಿಸಿದರು. ಮೌಲಾನಾ ಮೀರಾಸಾಬ ಲಾಡಸಾಬ ನದಾಫರು ಎಂಟು ವರ್ಷ ಬರೆದು ಮುಗಿಸಿದ್ದ ಕುರಾನಿನ ಕನ್ನಡ ಅರ್ಥವಿವರಣೆ ಆ ಗಂಟಿನಲ್ಲಿತ್ತು. ಬರೆದವರು ಅದಾಗಲೇ ಮಣ್ಣು ಸೇರಿದ್ದರು. ಅಚ್ಚಿಗೆ ಹೋಗಿದ್ದ ಮೊದಲ ಭಾಗವೊಂದನ್ನು ಬಿಟ್ಟರೆ ಬೇರೆ ಪ್ರತಿ ಇರಲಿಲ್ಲ.

ಎರಡು ವರ್ಷ ನಾನು ಸುಮ್ಮನಿದ್ದೆ. ಆದರೆ ಕಳೆದ ತಿಂಗಳ ಜಲಸಾ ಎಂಬ ಧಾರ್ಮಿಕ ಸಭೆಯಲ್ಲಿ ಅದೇ ಪಂಚರು, ಮೌಲಾನಾ ಅವರಿಗೆ ಕನ್ನಡದಲ್ಲಿ ಬರೆಯುವ ಆಸೆಯಿತ್ತು, ಆಯುಷ್ಯ ಸಾಲದೆ ಕೆಲಸ ಹಾಗೆಯೇ ಉಳಿಯಿತು ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಇದು ಸುಳ್ಳು. ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಆ ಬರಹದ ಕಾಗುಣಿತವನ್ನು ಮೊದಲಿನಿಂದ ಕೊನೆಯವರೆಗೆ ನೋಡಿಕೊಟ್ಟಿದ್ದೇನೆ. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬೇರೆಬೇರೆಯಾಗಿಯೇ ಇಲ್ಲಿ ಬರೆಯುತ್ತೇನೆ.

ಮೀರಾಸಾಬರು ರಾಯಬಾಗ ತಾಲೂಕಿನ ಹಾರೂಗೇರಿಯವರು. ಮನೆತನದ ಉದ್ಯೋಗ ಅರಳೆ ಹಿಂಜುವುದು, ಗಾದಿ ಹೊಲಿಯುವುದು. ತಂದೆಯ ಹಿಂದೆ ಅರಳೆ ಹಿಂಜುವ ಕಮಾನು ಹೊತ್ತು ಕೊಕಟನೂರ, ಅಥಣಿ, ಕಾಗವಾಡದವರೆಗೆ ತಿರುಗಿದ್ದಾಗಿ ಅವರೇ ಹೇಳುತ್ತಿದ್ದರು. ಹಿಂಜುವ ದಾರದ ಸದ್ದು ಕೇಳಿ ಅವರ ಎಡಗಿವಿ ಮಂದವಾಗಿತ್ತು. ಇಪ್ಪತ್ತು ದಾಟಿದ ಮೇಲೆ ಮಹಾರಾಷ್ಟ್ರದ ಒಂದು ಮದರಸಾಕ್ಕೆ ಹೋಗಿ ಅರಬ್ಬಿ ಕಲಿತರು. ೧೯೮೧ರಲ್ಲಿ ನಿಪ್ಪಾಣಿಗೆ ಇಮಾಮರಾಗಿ ಬಂದರು. ಹೆಂಡತಿ ತೀರಿಹೋಗಿದ್ದರು. ಜೈತುನ ಎಂಬ ಒಬ್ಬಳೇ ಮಗಳೊಡನೆ ಮಸೀದಿಗೆ ಹತ್ತಿದ ಕೋಣೆಯಲ್ಲಿ ಇದ್ದರು.

ಅವರು ಮೃದು ಮನುಷ್ಯರಾಗಿರಲಿಲ್ಲ. ಧರ್ಮದ ಮೇಲೆ ರೂಢಿಯ ಧೂಳು ಕೂತಿದೆ, ಅದನ್ನು ಝಾಡಿಸದೆ ಉಪಾಯವಿಲ್ಲ ಎಂಬುದು ಅವರ ಪಟ್ಟು. ಹುಂಡಾ, ಅಂದರೆ ವರದಕ್ಷಿಣೆ, ಕೇಳಿದ ವರನ ನಿಕಾಹ್ ಓದಿಸಲು ಒಪ್ಪುತ್ತಿರಲಿಲ್ಲ. ಗಂಡನ ಜನಾಜಾ ಏಳುವ ಮುಂಚೆ ವಿಧವೆಯನ್ನು ಕರೆತಂದು, ಮದುವೆಯಲ್ಲಿ ಮಾತಾಗಿ ಅವಳಿಗೆ ಕೊಡದೆ ಉಳಿದ ಮೆಹರಿನ ಹಣವನ್ನು ಮಾಫ್ ಮಾಡಿದೆನೆಂದು ಅವಳ ಬಾಯಿಂದ ಹೇಳಿಸುವ ಪದ್ಧತಿ ಇದೆಯಲ್ಲ, ಅದನ್ನು ಹೆಣದ ಎದುರಿನ ಕಳವು ಎಂದು ೧೯೮೬ರ ತಮ್ಮ ಕಿರುಪುಸ್ತಕದಲ್ಲಿ ಬರೆದರು. ಅದರಿಂದ ದೊಡ್ಡ ಮನೆಗಳು ದೂರವಾದವು. ದರ್ಗಾದಲ್ಲಿ ಹರಕೆ ಹೊರುವುದನ್ನೂ ಟೀಕಿಸಿದರು. ಅದಕ್ಕೆ ತಂಬಾಕಿನ ವಖಾರಿಯ ಮುಂದೆ ಒಬ್ಬರು ಅವರನ್ನು ನಿಲ್ಲಿಸಿ, "ನೀವ ಮಿರಜಿ ದರ್ಗಾದ ಹರಕಿಗೆ ಹುಟ್ಟಿದವರ. ಮೊದಲ ಆ ದರ್ಗಾದವರ ಮೀರಾಸಾಬ ಅನ್ನೂ ಹೆಸರ ಬಿಡ್ರಿ" ಎಂದು ಕೆಣಕಿದರು.

"ಹೆಸರ ಇಟ್ಟಾಕಿ ನಮ್ಮವ್ವ," ಎಂದರು ಮೌಲಾನಾ. "ಆಕಿ ಮಣ್ಣಾಗ ಅದಾಳ. ಹೋದಾಗ ಕೇಳ್ತೀನಿ."

ಮುಂದೆ ನಡೆದುದಕ್ಕೆ ಅವರ ಮೊದಲನೆಯ ಪುಸ್ತಿಕೆಯೇ ಕಾರಣವಾಯಿತು. ೧೯೮೩ರಲ್ಲಿ ಮರಾಠಿಯಲ್ಲಿ ಅಚ್ಚಾದ ಪುಸ್ತಿಕೆ ಅದು. ಅಲ್ಲಾಹನ ಹೆಸರಿರುವ ಕಾಗದ ಅಂಗಡಿಗಳಲ್ಲಿ ತಂಬಾಕು, ಪುಠಾಣಿಯ ಪೊಟ್ಟಣವಾಗಿ ಕೊನೆಗೆ ಗಟಾರ ಸೇರುವುದನ್ನು ಕಂಡು ಅವರು ಬರೆದದ್ದು. ಹರಿದ ಪುಟಗಳನ್ನು ಕಾಲಿಗೆ ಬೀಳಗೊಡದೆ ಒಟ್ಟುಮಾಡಿ, ಹರಿಯುವ ನೀರಿನಲ್ಲಿ ತಣ್ಣಗೆ ಮಾಡಬೇಕು, ಅಂದರೆ ಮುಳುಗಿಸಬೇಕು ಎಂದು ಅದರಲ್ಲಿ ಹೇಳಿದ್ದರು. ಮಸೀದಿಯ ಬಾಗಿಲಿಗೆ ಒಂದು ತಗಡಿನ ಡಬ್ಬಿಯನ್ನೂ ತೂಗುಹಾಕಿಸಿದರು. ಅವರ ಉಳಿದ ಮಾತುಗಳನ್ನು ಊರು ಕೇಳಲಿಲ್ಲ; ಇದೊಂದನ್ನು ಕೇಳಿತು. ಪ್ರತಿವರ್ಷ ರಂಜಾನಿಗೆ ಮೊದಲು ಪಂಚರು ಡಬ್ಬಿಯ ಕಾಗದಗಳನ್ನು ಯಡೂರಿಗೆ ಒಯ್ದು ಹೊಳೆಗೆ ಬಿಡುತ್ತಿದ್ದರು.

ಅರ್ಥವಿವರಣೆಯನ್ನು ಆರಂಭಿಸಿದ್ದು ೧೯೮೭ರಲ್ಲಿ. ನಿಪ್ಪಾಣಿಯ ಮುಸಲ್ಮಾನರು ಓದುವುದು ಉರ್ದು, ಇಲ್ಲವೆ ಮರಾಠಿ. ಪಂಚರಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ. ಆದರೂ ಕನ್ನಡವೇಕೆ ಎಂದು ಕೇಳಿದವರಿಗೆ, ಹಾರೂಗೇರಿಯ ಗಾದಿ ಹೊಲಿಯುವ ಹೆಂಗಸರಿಗೆ ಉರ್ದು ಬಾರದು, ಅವರ ದೇವರು ಅವರಿಗೆ ತಿಳಿಯುವ ಮಾತಿನಲ್ಲಿ ಸಿಗಬೇಕು ಎಂದು ಉತ್ತರಿಸಿದ್ದರು.

ಬರೆಯುವ ಕ್ರಮವೂ ಅವರದೇ. ಪುಟದ ಮೇಲ್ಭಾಗದಲ್ಲಿ ಅರಬ್ಬಿ ಆಯತ್, ಅಂದರೆ ಕುರಾನಿನ ವಚನ; ಕೆಳಗೆ ಕನ್ನಡ. ಕೆಲವು ಹಾಳೆ ಮುಗಿದೊಡನೆ ಬಸ್ಸು ಹತ್ತಿ ಹಾರೂಗೇರಿಗೆ ಹೋಗಿ, ಗಾದಿ ಹೊಲಿಯುತ್ತ ಕೂತ ನದಾಫರ ಹೆಂಗಸರ ನಡುವೆ ಓದುತ್ತಿದ್ದರು. ಕಣ್ಣು ಕಾಗದದ ಮೇಲಲ್ಲ, ಸೂಜಿಗಳ ಮೇಲೆ. ಅರ್ಥವಾಗದ ಕಡೆ ಸೂಜಿ ನಿಲ್ಲುತ್ತಿತ್ತು. ನಿಂತಲ್ಲಿ ಅಡಿಗೆರೆ ಎಳೆದು, ನಿಪ್ಪಾಣಿಗೆ ಮರಳಿ ತಿದ್ದಿ, ಮತ್ತೆ ಹೋಗಿ ಓದುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಮೊದಲ ಸೂರಾದಲ್ಲಿ, ಅಂದರೆ ಮೊದಲ ಅಧ್ಯಾಯದಲ್ಲಿ, ದೇವರನ್ನು ಲೋಕಗಳ ಒಡೆಯ ಎಂದು ಬರೆದಿದ್ದರು. ನನಗೆ ಅದು ಸರಿಯಾಗಿಯೇ ಕಂಡಿತ್ತು. ಒಬ್ಬ ಮುದುಕಿ ಸೂಜಿ ನಿಲ್ಲಿಸಿ, "ಒಡಿಯಾ ಅಂದ್ರ ಹೊಲದ ಗೌಡನಂಥಾವನೇನೋ ಭಾಯಿ? ಅಂಥಾವ ನಮಗ ಒಬ್ಬ ಸಾಕಾಗ್ಯಾನ" ಎಂದಳು. ಹೆಂಗಸರೆಲ್ಲ ನಕ್ಕರು. ಮೌಲಾನಾ ನಗಲಿಲ್ಲ. ಅರಬ್ಬಿಯ ಆ ಮಾತಿನಲ್ಲಿ ಸಾಕುವ, ಬೆಳೆಸುವ ಅರ್ಥವೂ ಇದೆಯೆಂದು ನನಗೆ ವಿವರಿಸಿ, ಲೋಕಗಳನ್ನೆಲ್ಲ ಸಾಕಿ ಬೆಳೆಸುವವನು ಎಂದು ತಿದ್ದಿದರು. ಮರುಬಾರಿ ಓದಿದಾಗ ಸೂಜಿಗಳು ನಿಲ್ಲಲಿಲ್ಲ.

೧೯೯೪ರ ಹೊತ್ತಿಗೆ ಅವರ ಕಣ್ಣು ಮಂಜಾಯಿತು. ಅಲ್ಲಿಂದಾಚೆಗಿನದು ಜೈತುನಳ ಕೈಬರಹ. ಹಾರೂಗೇರಿಯಲ್ಲಿ ಕನ್ನಡ ಶಾಲೆ ಓದಿದ್ದ ಅವಳು ಹಗಲು ಬೀಡಿ ಕಟ್ಟಿ, ಸಂಜೆ ತಂದೆ ಹೇಳಿದ್ದನ್ನು ಬರೆಯುತ್ತಿದ್ದಳು. ೧೯೯೫ರ ಅಕ್ಟೋಬರಿನಲ್ಲಿ ಕೊನೆಯ ಸೂರಾ ಮುಗಿಯಿತು. ಮೊದಲ ಭಾಗವೊಂದು ಮಾತ್ರ ಚಿಕ್ಕೋಡಿಯ ಮುದ್ರಣಾಲಯದಲ್ಲಿ ಮೊಳೆ ಜೋಡಣೆಗೆ ಹೋಗಿತ್ತು. ಉಳಿದದ್ದು ಕೋಣೆಯ ಟ್ರಂಕಿನಲ್ಲಿತ್ತು. ಪುಟಗಳನ್ನು ನಾನು ಎಣಿಸಿರಲಿಲ್ಲ. ಟ್ರಂಕು ತುಂಬಿತ್ತು ಎಂದಷ್ಟೇ ಹೇಳಬಲ್ಲೆ.

ಡಿಸೆಂಬರ್ ೯ರಂದು ಮೌಲಾನಾ ತೀರಿಕೊಂಡರು. ಅವರ ಇಚ್ಛೆಯಂತೆ ಹಾರೂಗೇರಿಯಲ್ಲಿ ಮಣ್ಣಾಯಿತು. ಶವದೊಡನೆ ಜೀಪಿನಲ್ಲಿ ಟ್ರಂಕಿಗೆ ಜಾಗವಿರಲಿಲ್ಲ. ಮಸೀದಿಗಿಂತ ಭದ್ರವಾದ ಸ್ಥಳ ಯಾವುದಿದೆ ಎಂದು ಜೈತುನ ಅದನ್ನು ಕೋಣೆಯಲ್ಲೇ ಬಿಟ್ಟು, ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವವರೆಗೆ ಊರಲ್ಲಿ ಉಳಿದಳು. ತಂದೆ ಆ ಫಾತಿಹಾದ ಪದ್ಧತಿಗೂ ವಿರೋಧವಾಗಿಯೇ ಬರೆದಿದ್ದರು. ಬಂಧುಗಳು ಬಿಡಲಿಲ್ಲ.

ಈ ನಡುವೆ, ರಂಜಾನಿಗೆ ಬರಲಿದ್ದ ಹೊಸ ಇಮಾಮರಿಗಾಗಿ ಪಂಚರು ಕೋಣೆ ತೆರವು ಮಾಡಿದರು. ಜನವರಿ ೨೦ರಂದು ಜೈತುನ ಬಂದಾಗ ಟ್ರಂಕು ಅಂಗಳದಲ್ಲಿ ಖಾಲಿ ಇತ್ತು. ಅವಳು ನನ್ನನ್ನು ಕರೆದಳು. ಇಬ್ಬರೂ ಪಂಚರ ಕಾರ್ಯದರ್ಶಿ ಬಾಳಾಸಾಬ ತಾಂಬೋಳಿಯವರ ಬಳಿಗೆ ಹೋದೆವು. ಅವರು ಏನನ್ನೂ ಮುಚ್ಚಿಡಲಿಲ್ಲ. ಹೊಸ ಬಟ್ಟೆ ತಂದು, ಅತ್ತರು ಹಚ್ಚಿ, ಗಂಟು ತೇಲಬಾರದೆಂದು ಕಲ್ಲು ಕಟ್ಟಿ, ದೋಣಿಯಲ್ಲಿ ನಡುಹೊಳೆಗೆ ಒಯ್ದು ಬಿಟ್ಟೆವೆಂದು ಪುಣ್ಯಕಾರ್ಯದಂತೆ ವರ್ಣಿಸಿದರು.

"ಮ್ಯಾಲ ಅರಬ್ಬಿ ಆಯತ್ ಇತ್ರಿ ಮಾಸ್ತರ," ಎಂದರು. "ಕೆಳಗ ಕಾನಡಿ. ಕಾನಡಿ ನಮಗ ಯಾರಿಗೂ ಓದಾಕ ಬರೂದಿಲ್ಲ. ಆಯತ್ ಇದ್ದ ಕಾಗದ ನೆಲಕ್ಕ ಬಿಡಬಾರದಂತ ಕಲಿಸಿದವರ ಅವರಲಾ?"

ಜೈತುನ ಅಳಲಿಲ್ಲ. "ಚಾಚಾ, ಅಪ್ಪಾ ಹೇಳಿದ್ದು ಹರದ ಕಾಗದಾ," ಎಂದಳು. "ಇವು ಹರದಿದ್ದೂ ಏನ್ರಿ?"

ಬಾಳಾಸಾಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಅವರು ಬೇಕೆಂದೇ ಮಾಡಿದರೆಂದು ನಾನು ಆರೋಪಿಸುವುದಿಲ್ಲ, ಅದಕ್ಕೆ ಆಧಾರವಿಲ್ಲ. ಆದರೆ ಮಸೀದಿಯಿಂದ ಕೂಗಳತೆಯಲ್ಲಿ ಕನ್ನಡ ಬಲ್ಲ ನನ್ನ ಮನೆಯಿತ್ತು. ಒಂದು ಹಾಳೆ ತೋರಿಸಿ ಕೇಳಬಹುದಿತ್ತು.

ಆಮೇಲಿನದು ತಪ್ಪುತಿಳಿವಳಿಕೆಯಲ್ಲ. ಫೆಬ್ರುವರಿಯಲ್ಲಿ ಚಿಕ್ಕೋಡಿಯಿಂದ ಮೊದಲ ಭಾಗದ ಕರಡಚ್ಚು, ಮೌಲಾನಾ ಕೈಯಾರೆ ತಿದ್ದಿದ ಮೂಲ ಹಾಳೆಗಳ ಸಮೇತ ಮಸೀದಿಯ ವಿಳಾಸಕ್ಕೆ ಬಂತು. ಪಂಚರು ಅದನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಜೈತುನ ಕೇಳಿದಾಗಲೆಲ್ಲ, ಅದು ಜಮಾತಿನ ವಸ್ತು, ಸಭೆ ನಿರ್ಣಯಿಸಬೇಕು ಎಂಬ ಉತ್ತರ. ಅದು ಹೊರಬಿದ್ದರೆ ಮುಳುಗಿದ್ದು ಏನೆಂದು ಊರಿಗೆ ತಿಳಿಯುತ್ತದೆ.

ಜೈತುನ ಈಗ ಹಾರೂಗೇರಿಯಲ್ಲಿದ್ದಾಳೆ. ಸೂಜಿ ನಿಲ್ಲದಂತಾಗುವವರೆಗೆ ಮತ್ತೆ ಮತ್ತೆ ಕೇಳಿಸಿಕೊಂಡಿದ್ದರಿಂದ ಆ ಹೆಂಗಸರಿಗೆ ಎಷ್ಟೋ ವಾಕ್ಯಗಳು ಬಾಯಿಪಾಠವಾಗಿವೆ. ಅವರ ನಡುವೆ ಕೂತು, ಅವರು ಹೇಳಿದ್ದನ್ನು ಅವಳು ಪುನಃ ಬರೆಯುತ್ತಿದ್ದಾಳೆ. ಒಬ್ಬಳು ಒಂದು ಪದ ಹೇಳಿದರೆ ಮತ್ತೊಬ್ಬಳು ಬೇರೆ ಹೇಳುತ್ತಾಳೆ. ಮೌಲಾನಾ ಕೊನೆಗೆ ಯಾವುದನ್ನು ಉಳಿಸಿಕೊಂಡರೆಂದು ನಿರ್ಧರಿಸಲು ಆ ತಿದ್ದಿದ ಮೊದಲ ಭಾಗವಲ್ಲದೆ ಬೇರೆ ಆಧಾರವಿಲ್ಲ. ಒಡೆಯ ಎಂಬ ಮಾತನ್ನು ಪ್ರಶ್ನಿಸಿದ ಮುದುಕಿ ಕಳೆದ ದೀಪಾವಳಿಯ ಸುಮಾರಿಗೆ ತೀರಿಕೊಂಡಳು. ಅವಳಿಗೊಬ್ಬಳಿಗೇ ನೆನಪಿದ್ದ ಭಾಗಗಳು ಅವಳೊಂದಿಗೆ ಹೋದವು.

ಆದುದರಿಂದ ಬಾಳಾಸಾಬ ತಾಂಬೋಳಿಯವರೇ, ಮಸೀದಿಯ ಪಂಚರೇ, ನನ್ನ ಆಗ್ರಹವಿದು. ಬರುವ ಶುಕ್ರವಾರ ಖುತ್ಬಾ ಪ್ರವಚನಕ್ಕೆ ಮೊದಲು, ಜಲಸಾದಲ್ಲಿ ಸುಳ್ಳು ಹೇಳಿದ ಅದೇ ಧ್ವನಿವರ್ಧಕದಲ್ಲಿ, ಮೀರಾಸಾಬ ನದಾಫರು ತಮ್ಮ ಕೆಲಸವನ್ನು ಪೂರ್ತಿ ಮುಗಿಸಿದ್ದರು, ಅದನ್ನು ಹೊಳೆಗೆ ಬಿಟ್ಟವರು ನಾವು ಎಂದು ಹೇಳಿರಿ. ಅಂದೇ ಕಪಾಟು ತೆರೆದು ಮೊದಲ ಭಾಗವನ್ನು ಜೈತುನಳ ಕೈಗೆ ಒಪ್ಪಿಸಿರಿ. ಸಭೆ, ನಿರ್ಣಯ ಎಂದು ಇನ್ನು ಕಾಯಿಸಬೇಡಿರಿ. ಹಾರೂಗೇರಿಯಲ್ಲಿ ನೆನಪಿಟ್ಟುಕೊಂಡಿರುವ ಹೆಂಗಸರಲ್ಲಿ ಅರವತ್ತರ ಕೆಳಗಿನವರು ಯಾರೂ ಇಲ್ಲ.