ಇಲಿಯ ಕಣ್ಣಿಗೆ ಕುಂಕುಮ

ಸುಣ್ಣದ ವಾಸನೆ ಬಂದರೆ ಎಲ್ಲರಿಗೂ ಹಬ್ಬ ನೆನಪಾಗುತ್ತದಂತೆ. ನನಗೆ ಇನ್ನು ಮುಂದೆ ನನ್ನ ಹೇಡಿತನ ನೆನಪಾಗುತ್ತದೆ. ಮೊನ್ನೆ ಬೆಳುಂಕಿಯ ನಮ್ಮ ಮನೆಗೆ ಸುಣ್ಣ ಬಳಿಯಲೆಂದು ಗೋಡೆಯ ಪಟಗಳನ್ನೆಲ್ಲ ಇಳಿಸಿ ಹೊರಸಿನ ಮೇಲೆ ಹರವಿದ್ದರು. ಬಸವಣ್ಣ, ಲಕ್ಷ್ಮಿ, ರುಮಾಲು ಸುತ್ತಿದ ಅಜ್ಜ. ಇವರ ನಡುವೆ ಕಟ್ಟು ಹಾಕಿಸಿದ ಇನ್ನೊಂದು ಪಟ. ಕೇಸರಿ ಬಣ್ಣದ ಒಂದು ದುಂಡು, ಅದರ ನಡುವೆ ಬಿಳಿ ಚುಕ್ಕೆ, ಚುಕ್ಕೆಯಿಂದ ಸುತ್ತಲೂ ಹೊರಟ ಸಣ್ಣ ಕೆಂಪು ಗೆರೆಗಳು. ಗಾಜಿನ ಮೇಲೆ ಹತ್ತು ವರ್ಷದ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅವ್ವ ಪ್ರತಿ ಆದಿತ್ಯವಾರ ಅದಕ್ಕೆ ಕೈಮುಗಿಯುತ್ತಾಳೆ. ಅವಳ ಪಾಲಿಗೆ ಅದು ಸೂರ್ಯನಾರಾಯಣ. ನಿಮಗೆ ನಿಜ ಹೇಳುತ್ತೇನೆ, ನಗಬೇಡಿ: ಅದು ಒಂದು ಕುರುಡು ಇಲಿಯ ಕಣ್ಣಿನ ಒಳಗೋಡೆ. ಆ ಫೋಟೋ ತೆಗೆದವನು ನಾನೇ.

ತೊಂಬತ್ತರ ದಶಕದಲ್ಲಿ ಪುಣೆಯ ಒಂದು ಪ್ರಯೋಗಶಾಲೆಯಲ್ಲಿ ಇಲಿಗಳ ಕಣ್ಣಿನ ಚಿತ್ರ ತೆಗೆಯುವುದು ನನ್ನ ನೌಕರಿಯಾಗಿತ್ತು. ಊರಲ್ಲಿ ಇಲಿ ಕಂಡರೆ ಕೋಲು ಹುಡುಕುತ್ತಿದ್ದವನು ಅಲ್ಲಿ ಕೈಗವಸು ಹುಡುಕುತ್ತಿದ್ದೆ. ಇಲಿಗಳ ಕೋಣೆಗೆ ಹೋಗಬೇಕಾದರೆ ಹೊರಗೆ ಚಪ್ಪಲಿ ಬಿಡಬೇಕು, ಕೈ ತೊಳೆಯಬೇಕು, ತಲೆಗೆ ಟೊಪ್ಪಿಗೆ ಹಾಕಬೇಕು. ಅಷ್ಟು ಮಡಿ ನಮ್ಮೂರ ಗುಡಿಯಲ್ಲೂ ಇಲ್ಲ. ಇಲಿಗೆ ಮತ್ತಿನ ಸೂಜಿ ಚುಚ್ಚಿ ಮಲಗಿಸಿ, ಪಾಪೆ ಅಗಲವಾಗಲು ಹನಿ ಹಾಕಿ, ಕಾಳುಮೆಣಸಿನಷ್ಟಿರುವ ಆ ಕಣ್ಣಿನ ಮುಂದೆ ಮಸೂರವಿಟ್ಟು, ಬೆಳಕು ಹಾಯಿಸಿ ಅಕ್ಷಿಪಟಲದ ಚಿತ್ರ ಹಿಡಿಯಬೇಕು. ಕಣ್ಣಿನ ಹಿಂಬದಿಗೆ ಅಂಟಿಕೊಂಡ, ಬೆಳಕನ್ನು ಗ್ರಹಿಸುವ ತೆಳುವಾದ ಪರದೆ ಅದು. ಮತ್ತಿನಲ್ಲಿರುವ ಇಲಿ ಕಣ್ಣು ಮಿಟುಕಿಸುವುದಿಲ್ಲ, ಹಾಗಾಗಿ ಗಳಿಗೆಗೊಮ್ಮೆ ಕಣ್ಣಿಗೆ ನೀರು ಬಿಟ್ಟು ಒದ್ದೆಯಾಗಿಡುತ್ತಿದ್ದೆ. ಹೆತ್ತ ತಾಯಿಯ ಕಣ್ಣಿಗೆ ಒಂದು ದಿನವೂ ಒಂದು ಹನಿ ಔಷಧ ಹಾಕಿದವನಲ್ಲ.

ಆ ಇಲಿಗಳದು ಹುಟ್ಟಿನಿಂದ ಬಂದ ರೋಗ. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ಜೀವಕೋಶಗಳು ಮೊದಲು ಸಾಯುತ್ತವೆ, ರಕ್ತನಾಳಗಳು ಸೊರಗಿ ನೂಲಿನಂತಾಗುತ್ತವೆ, ಕೊನೆಗೆ ಪೂರ್ತಿ ಕತ್ತಲೆ. ತಾಯಿ ತಂದೆ ಇಬ್ಬರ ರಕ್ತದಲ್ಲೂ ದೋಷ ಅಡಗಿದ್ದರೆ ಮಾತ್ರ ಮರಿಗೆ ರೋಗ ಬರುತ್ತದೆ. ಆದ್ದರಿಂದ ರೋಗ ತಪ್ಪಿಹೋಗದಂತೆ ನಾವು ಒಡಹುಟ್ಟಿದವುಗಳನ್ನೇ ಕೂಡಿಸಿ ತಲೆಮಾರು ಬೆಳೆಸುತ್ತಿದ್ದೆವು. ಅನುದಾನ ಕೇಳುವ ಅರ್ಜಿಯ ಮೊದಲ ಪುಟದಲ್ಲಿ, ಇಲಿಯ ಅಕ್ಷಿಪಟಲಕ್ಕೂ ಮನುಷ್ಯನದಕ್ಕೂ ಹೆಚ್ಚಿನ ಭೇದವಿಲ್ಲ ಎಂಬ ವಾಕ್ಯ ತಪ್ಪದೆ ಇರುತ್ತಿತ್ತು. ಎಷ್ಟು ಅರ್ಜಿಗಳಲ್ಲಿ ಅದನ್ನು ನನ್ನ ಕೈಯಾರೆ ಬರೆದೆನೋ ಲೆಕ್ಕವಿಲ್ಲ. ನಮ್ಮ ಸಾಹೇಬರು ಕುರುಡರ ಕಷ್ಟದ ಬಗ್ಗೆ ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದರು. ಒಮ್ಮೆ ಭಾಷಣ ಮುಗಿಸಿ ಮೆಟ್ಟಿಲಿಳಿಯುವಾಗ, ಕೋಲು ಊರುತ್ತ ಬಂದ ಒಬ್ಬ ಮುದುಕರು ಎದುರಾದರು. ದಾರಿ ಬಿಡಬೇಕೆಂದು ಸಾಹೇಬರಿಗೆ ಹೊಳೆಯಲಿಲ್ಲ. ಮುದುಕರೇ ಗೋಡೆ ಹಿಡಿದು ಸರಿದರು. ಹಿಂದೆ ನಿಂತು ಒಳಗೊಳಗೇ ನಕ್ಕಿದ್ದೆ, ನಾನೇನೋ ದೊಡ್ಡ ಸಂಭಾವಿತ ಎಂಬಂತೆ.

ಈಗ ಕುಣಿಕೋಣೂರ ಮಾಮಾನ ವಿಷಯಕ್ಕೆ ಬರಬೇಕು. ಅವ್ವನ ತಮ್ಮ, ನಮ್ಮ ಬಳಗದಲ್ಲೇ ಶಿಸ್ತಿನ ಮನುಷ್ಯ ಎಂದು ಹೆಸರಾದವರು. ಹೊತ್ತು ಮುಳುಗುವ ಮೊದಲೇ ಮನೆ ಸೇರುವುದು, ಸಂಜೆಯಾದ ಮೇಲೆ ಯಾರ ಹೊಸ್ತಿಲನ್ನೂ ತುಳಿಯದಿರುವುದು ಅವರ ನೇಮ. ಸಣ್ಣವನಿದ್ದಾಗ ಆಟ ಮುಗಿಸಿ ತಡವಾಗಿ ಬಂದರೆ ಅವ್ವ ನನ್ನ ಕಿವಿ ಹಿಂಡಿ ತಮ್ಮನ ಶಿಸ್ತಿನ ಪುರಾಣ ಹೇಳುತ್ತಿದ್ದಳು. ನಮ್ಮಲ್ಲಿ ಉಳಿಯಲು ಬಂದಿದ್ದ ಒಂದು ಸಂಜೆ ಮಾಮಾ ನಮ್ಮ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಾಗ ಅಂಗಳಕ್ಕೆ ಎಮ್ಮೆಯ ಕರು ಬಂತು. ಮಾಮಾ ಎದ್ದು ನಿಂತು, "ಬರ್ರಿ, ಕುಂದ್ರಿ" ಅಂದರು. ಮನೆಮಂದಿಯೆಲ್ಲ ನಕ್ಕರು, ಮಾಮಾ ಭಾರೀ ವಿನೋದಿ ಎಂದರು. ಮಾಮಾ ಕೂಡ ನಕ್ಕರು. ಕತ್ತಲಾದರೆ ಕಣ್ಣು ಕಾಣದ ಒಬ್ಬ ಮನುಷ್ಯನನ್ನು ಮುಚ್ಚಿಡಲು ಇಡೀ ಬಳಗ ಸೇರಿ ಒಂದು ಧರ್ಮವನ್ನೇ ಕಟ್ಟಿತ್ತು. ಮನೆಯಲ್ಲಿ ಇಂಥದ್ದು ಇದೆಯೆಂದು ಹೊರಗೆ ಗೊತ್ತಾದರೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. ಹಾಗಾಗಿ ಒಳಗೊಳಗೇ ಕೊಟ್ಟು ತರುವುದು ನಡೆದಿತ್ತು. ನಾವು ಪುಣೆಯಲ್ಲಿ ಇಲಿಗಳಿಗೆ ಮಾಡುತ್ತಿದ್ದುದರಿಂದ ಇದು ಒಂದೆರಡು ಹೆಜ್ಜೆ ದೂರ, ಅಷ್ಟೆ.

ನನ್ನ ತಂಗಿ ಕಸ್ತೂರಿಯನ್ನು ಮಾಮಾನ ಮಗನಿಗೆ ಕೊಡುವ ಮಾತು ಬಂತು. ಆ ಹೊತ್ತಿಗೆ ಮಾಮಾ ಹಗಲಲ್ಲೂ ಬಾಗಿಲ ಚೌಕಟ್ಟಿಗೆ ಹಾಯುತ್ತಿದ್ದರು. ಅವರದು ಯಾವ ರೋಗವೆಂದು ಹೇಳಲು ನನಗೆ ಯಂತ್ರ ಬೇಕಿರಲಿಲ್ಲ. ಹಿರಿಯರ ಮುಂದೆ ಎಲ್ಲ ಬಿಡಿಸಿ ಹೇಳುತ್ತೇನೆಂದು ನಿರ್ಧರಿಸಿ, ರೋಗ ಹತ್ತಿದ ಇಲಿಯ ಕಣ್ಣಿನ ಚಿತ್ರವನ್ನು ದೊಡ್ಡದಾಗಿ ತೆಗೆಸಿ, ಕಟ್ಟು ಹಾಕಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದೆ. ಪಡಸಾಲೆಯಲ್ಲಿ ಹಿರಿಯರೆಲ್ಲ ಕೂತಿದ್ದರು. ನಾನು ಕಾಗದ ಬಿಚ್ಚಿದ್ದೇ ತಡ, ಅವ್ವ ಕಣ್ಣರಳಿಸಿದಳು.

"ಸೂರ್ಯನಾರಾಯಣ ಏನೋ? ಭಾಳ ಚಲೋ ಆತು, ಲಗ್ನದ ಮಾತಿಗಿ ದೇವರನ್ನ ತಂದಿ."

ನಾನು ಹೂಂ ಅಂದೆ. ಎರಡು ವರ್ಷ ಅಕ್ಷಿಪಟಲದ ಬಗ್ಗೆ ಸೆಮಿನಾರುಗಳಲ್ಲಿ ಗಂಟಲು ಹರಿದುಕೊಂಡವನ ಬಾಯಿಂದ ಅಂದು ಹೊರಟದ್ದು ಆ ಒಂದಕ್ಷರ. ಪಟ ಗೋಡೆ ಏರಿತು, ಕುಂಕುಮ ಬಿತ್ತು. ಮಾಮಾ ತಡವರಿಸಿ ಅದರ ಮುಂದೆ ನಿಂತು ಕೈಮುಗಿದರು.

ಅಷ್ಟಕ್ಕೇ ಮುಗಿದಿದ್ದರೆ ಪರಿಸ್ಥಿತಿಯ ಮೇಲೆ ಹಾಕಿ ಪಾರಾಗುತ್ತಿದ್ದೆ. ಮರುದಿನ ಬೆಳಿಗ್ಗೆ ಕಸ್ತೂರಿ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತ, ತಲೆ ಎತ್ತದೆ ಕೇಳಿದಳು. "ಅಣ್ಣಾ, ಮಾಮಾನ ಕಣ್ಣಿಂದು ನಾಳೆ ಹುಟ್ಟೂ ಮಕ್ಕಳಿಗಿ ಬರ್ತದೇನು? ನಿನಗ ಗೊತ್ತಿದ್ರ ಹೇಳು, ನಾ ಒಲ್ಲೆ ಅಂತೀನಿ."

ಇದಕ್ಕಿಂತ ಸರಳವಾದ ಪ್ರಶ್ನೆಯನ್ನು ನನಗೆ ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ. ಬಂದೇ ಬರುತ್ತದೆಂದಲ್ಲ, ಬರಬಹುದು ಎಂದಿದ್ದರೆ ಸಾಕಿತ್ತು. ಆದರೆ ಬಳಗ ಒಡೆದವನು ಎಂಬ ಹೆಸರು ನನಗೆ ಬೇಡವಾಗಿತ್ತು. "ಇಲೀದು ಬ್ಯಾರೆ, ಮನಷ್ಯಾರ್ದು ಬ್ಯಾರೆ" ಅಂದೆ. ಅನುದಾನ ಕೊಡುವವರಿಗೆ ಎರಡೂ ಒಂದೇ. ತಂಗಿಗೆ ಬೇರೆ ಬೇರೆ. ಕಸ್ತೂರಿ ನನ್ನ ಮಾತು ನಂಬಿ ನೀರು ಚೆಲ್ಲಿ ಎದ್ದಳು. ಲಗ್ನದಲ್ಲಿ ನಾನು ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು ಉಂಡೆ.

ಮುಂದೆ ಪ್ರಯೋಗಶಾಲೆಗೆ ಹೊಸ ಯಂತ್ರ ಬಂತು. ಬರೀ ಬೆಳಕಿನಿಂದಲೇ, ಕಣ್ಣನ್ನು ಮುಟ್ಟದೆ, ಅಕ್ಷಿಪಟಲವನ್ನು ಉಳ್ಳಾಗಡ್ಡಿಯ ಪದರದಂತೆ ಬಿಡಿಸಿ ತೋರಿಸುವ ಯಂತ್ರ. ಯಾವ ಪದರ ಎಷ್ಟು ತೆಳುವಾಯಿತೆಂದು ಕೂದಲೆಳೆಯಷ್ಟೂ ತಪ್ಪದೆ ಹೇಳುತ್ತಿದ್ದೆ. ನನಗೆ ಬಡ್ತಿ ಸಿಕ್ಕಿತು. ಇಲಿಗಳು ಕುರುಡಾಗುವುದನ್ನು ಮುಂದುವರಿಸಿದವು.

ಮೊನ್ನೆ ಸುಣ್ಣ ಒಣಗುವ ಹೊತ್ತಿಗೆ ಸಂಜೆಯಾಯಿತು. ಲೋಡ್‌ಶೆಡ್ಡಿಂಗ್ ಶುರುವಾಗಿ ಕರೆಂಟು ಹೋಯಿತು. ಹೊರಗೆ ಇನ್ನೂ ಬೆಳಕಿತ್ತು, ಒಳಗೆ ಮಬ್ಬು. ಶಾಲೆಯ ಸೂಟಿಗೆ ಬಂದಿದ್ದ ಕಸ್ತೂರಿಯ ಮಗಳು ಪ್ರಿಯಾಂಕಾ ಮಧ್ಯಾಹ್ನವೆಲ್ಲ ನನ್ನೊಂದಿಗೆ ಪಟಗಳ ಗಾಜು ಒರೆಸಿದವಳು, ಓಣಿಯ ಹುಡುಗಿಯರು ಆಡಲು ಕೂಗಿದರೂ ಏಳಲಿಲ್ಲ. ಅವ್ವ ಹಿಗ್ಗಿದಳು.

"ನೋಡು, ಕುಣಿಕೋಣೂರ ಅಜ್ಜನಂಗ ಶಿಸ್ತು. ಹೊತ್ತು ಮುಣುಗಿದ್ರ ಹೊರಗ ಕಾಲಿಡಂಗಿಲ್ಲ."

ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಪ್ರಿಯಾಂಕಾ ಆ ಕೇಸರಿ ಪಟ ಎತ್ತಿಕೊಂಡು, ಒಂದು ಕೈಯಿಂದ ಬಿಳಿ ಗೋಡೆಯನ್ನು ಮೆಲ್ಲಗೆ ಸವರುತ್ತ ಹೊರಟಳು. ಮೊಳೆ ಅವಳ ಮುಖದೆದುರಿಗೇ ಇತ್ತು. ಅವಳ ಬೆರಳು ಅದರ ಕೆಳಗೆ ಹಾದುಹೋಯಿತು, ಮತ್ತೆ ಬಂತು, ಮತ್ತೆ ಹಾದುಹೋಯಿತು. ಇಷ್ಟು ವರ್ಷ ಸಾವಿರಾರು ಕಣ್ಣುಗಳೊಳಗೆ ಬೆಳಕು ಬಿಟ್ಟು ನೋಡಿದವನಿಗೆ, ನೋಡಬೇಕಾಗಿದ್ದ ಒಂದು ಜೋಡಿ ಕಣ್ಣು ಹೀಗೆ ಕಂಡಿತು.

ಅವಳ ಕೈಯಿಂದ ಪಟ ತೆಗೆದುಕೊಂಡೆ. "ಅವ್ವಾ, ಇದು ಸೂರ್ಯ ಅಲ್ಲ. ಕುರುಡ ಇಲಿ ಕಣ್ಣು. ಮಾಮಾಗ ಇದ್ದದ್ದೂ ಶಿಸ್ತು ಅಲ್ಲ, ಈ ಕೂಸಿಂದೂ ಶಿಸ್ತು ಅಲ್ಲ. ನಾಳೆ ಮಿರಜಕ್ಕ ದವಾಖಾನಿಗಿ ಹೋಗೂಣು."

ಅವ್ವ ಪಟಕ್ಕೆಂದು ತಂದಿದ್ದ ಕುಂಕುಮದ ಬಟ್ಟಲನ್ನು ಹೊರಸಿನ ಮೇಲಿಟ್ಟಳು. ಮಿರಜದವರ ಬಳಿಯೂ ಔಷಧವಿಲ್ಲವೆಂದು ನನಗೆ ಗೊತ್ತು. ಆದರೆ ಈ ಮಗು ಕತ್ತಲೆಗೆ ಹೆದರುವ ತನ್ನನ್ನೇ ದಡ್ಡಿ ಎಂದುಕೊಳ್ಳುವುದು ಬೇಡ, ಕರುವಿಗೆ ಕುಂದ್ರಿ ಅಂದು ನಗೆಯಲ್ಲಿ ತಪ್ಪಿಸಿಕೊಳ್ಳುವುದಂತೂ ಬೇಡವೇ ಬೇಡ.

ಅಡುಗೆಮನೆಯ ಬಾಗಿಲಲ್ಲಿ ಕಸ್ತೂರಿ ಹಚ್ಚಿದ ಕಂದೀಲು ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಂದೀಲನ್ನು ಮಗಳ ಹತ್ತಿರ ತಂದಿಟ್ಟು, ನನ್ನ ಕಡೆ ನೋಡದೆ ಅಂದಳು.

"ಅವತ್ತ ನಾ ನಿನ್ನ ಕೇಳಿದ್ನಲ್ಲ ಅಣ್ಣಾ."